ಶಾಕಪ್ ಬದಲಿಸಿದರೂ ಹೋಗದ ‘ಟಕ್ ಟಕ್’

ನಮ್ಮದು ಏಳು ಸೀಟಿನ ಎಸ್‌ಯುವಿ. 80 ಸಾವಿರ ಕಿಲೋಮೀಟರ್ ದಾಟಿದೆ. ನವನಗರದ ಮನೆಯಿಂದ ತಿಂಗಳಿಗೆ ಎರಡು ಸಲ ಅಣ್ಣಿಗೇರಿ ಕಡೆಯ ನಮ್ಮ ಹೊಲಕ್ಕೆ ಹೋಗಿ ಬರುತ್ತದೆ. ಆ ಕಡೆಯೆಲ್ಲ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎಷ್ಟು ದಿನ ನೆಟ್ಟಗಿದ್ದೀತು? ಹೋದ ಮಳೆಗಾಲ ಮುಗಿಯುವಾಗ ಮುಂದಿನ ಬಲಗಾಲಿಯ ಕಡೆಯಿಂದ ಟಕ್ ಟಕ್ ಶುರುವಾಯಿತು. “ಇದೇನ್ರಿ, ಚಕ್ಕಡಿ ಒಳಗ ಕುಂತಂಗ ಆಗೇತಿ” ಎಂದಳು ಹೆಂಡತಿ.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ಒಂದು ಗಾಲಿ ಜಾಕಿನಿಂದ ಎತ್ತಿ, ಹಿಡಿದು ಅಲುಗಾಡಿಸಿ, “ಶಾಕಪ್ ಹೋಗ್ಯಾವ್ರಿ ಸರ್, ಎರಡೂ ಬದಲಿ ಮಾಡೂಣ್ರಿ” ಎಂದರು. ಶಾಕಪ್ ಅಂದರೆ ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್. 11,000 ರೂಪಾಯಿ ಕೊಟ್ಟು ಬಂದೆ. ನಮ್ಮ ಓಣಿಗೆ ತಿರುಗುವಾಗ ಮತ್ತೆ ಟಕ್. ಫೋನ್ ಮಾಡಿದರೆ, “ಹೊಸಾವು ಅದಾವಲ್ರಿ, ಸೆಟ್ ಆಗಾಕ ಟೈಮ್ ಬೇಕ್ರಿ.” ಎರಡು ವಾರ ಕಾದೆ. ಸೆಟ್ ಆಗಿದ್ದು ನನ್ನ ಸಿಟ್ಟು ಮಾತ್ರ.

ಆಮೇಲೆ ನಾನೇ ಹುಡುಕಲು ಕುಳಿತೆ. ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡಿದೆ. ಜಾಕು, ಪಾನಾ, ಸ್ಟೆಪ್ನಿ ಸಡಿಲಾಗಿದ್ದರೂ ಹೀಗೇ ಸದ್ದು ಬರುತ್ತದೆ ನೋಡಿ. ಅದಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ, ಗದ್ದಲ ಇಲ್ಲದಾಗ, ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊರಟೆ. ಕಿಟಕಿ ಇಳಿಸಿ ಕಾಂಪೌಂಡ್ ಗೋಡೆಗೆ ಹತ್ತಿರವಾಗಿ ನಿಧಾನ ಓಡಿಸಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬಲಗಡೆಯೇ, ಅನುಮಾನವಿಲ್ಲ. ಬ್ರೇಕ್ ಮೆಲ್ಲಗೆ ಒತ್ತಿ ಹಿಡಿದೆ. ಸದ್ದು ನಿಂತಿದ್ದರೆ ಬ್ರೇಕ್ ಪ್ಯಾಡ್ ಅಲುಗುತ್ತಿದೆ ಅನ್ನಬಹುದಿತ್ತು. ನಿಲ್ಲಲಿಲ್ಲ.

ಸುಳಿವು ಸಿಕ್ಕಿದ್ದು ಹಂಪ್ ಮೇಲೆ. ಎರಡೂ ಗಾಲಿ ಒಟ್ಟಿಗೆ ಹತ್ತಿ ಇಳಿದರೆ ಚಕಾರವಿಲ್ಲ. ಬಲಗಾಲಿಯೊಂದೇ ತಗ್ಗಿಗೆ ಇಳಿದರೆ ಟಕ್. ಮುಂದಿನ ಎರಡು ಗಾಲಿಗಳ ನಡುವೆ ಅಡ್ಡಕ್ಕೆ ಒಂದು ಸ್ಟೆಬಿಲೈಸರ್ ಬಾರ್ ಇರುತ್ತದೆ. ಎರಡೂ ಗಾಲಿ ಸಮ ಏರಿಳಿದರೆ ಅದಕ್ಕೆ ಕೆಲಸವಿಲ್ಲ. ಒಂದು ಮೇಲೆ ಒಂದು ಕೆಳಗಾದಾಗ ಮಾತ್ರ ಅದು ತಿರುಚಿಕೊಳ್ಳುತ್ತದೆ. ಅದನ್ನು ಶಾಕಪ್‌ಗೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ಶಾಕಪ್ ಮೇಲೆ ಬಂದ ಅಪವಾದ ಅರ್ಧಕ್ಕರ್ಧ ಇದರದ್ದೇ ಇರಬೇಕು ಅಂತ ನನಗೀಗ ಅನ್ನಿಸುತ್ತದೆ.

ಗಾಡಿ ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮಡ್‌ಗಾರ್ಡ್ ಒಳಗೆ ಕೈ ಹಾಕಿದೆ. ಎಡಗಡೆಯ ಲಿಂಕ್ ರಾಡ್ ಜಗ್ಗಿದರೆ ಕಲ್ಲು. ಬಲಗಡೆಯದು ಬೀಳಲು ಬಂದ ಹಲ್ಲಿನ ಹಾಗೆ ಬೆರಳಿಗೆ ಲಟಕ್ ಅಂತು. ರಬ್ಬರ್ ಟೊಪ್ಪಿಗೆ ಹರಿದು, ಒಳಗಿನ ಗ್ರೀಸು ಎರೆಮಣ್ಣಿನ ಜೊತೆ ಕೂಡಿ ಕರೀ ಹಿಟ್ಟಾಗಿತ್ತು. ಗ್ಯಾರೇಜಿನಲ್ಲಿ ಇದು ಸಿಗಲಿಲ್ಲ ಯಾಕೆ? ಅವರು ಒಂದೇ ಗಾಲಿ ಎತ್ತಿದ್ದರು. ಆಗ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಸಡಿಲು ಇದ್ದರೂ ಕೈಗೆ ಸಿಗುವುದಿಲ್ಲ.

ಜೋಡಿ ತಂದೆ. 1,900 ರೂಪಾಯಿ. ಬಿಚ್ಚುವುದೇ ದೊಡ್ಡ ಗೋಳು. ನಟ್ ತಿರುಗಿಸಿದರೆ ಕೀಲಿನ ಒಳಗಿನ ಗುಂಡೂ (ಬಾಲ್) ಜೊತೆಗೇ ಸುಮ್ನೆ ತಿರುಗುತ್ತದೆ. ಅದರ ತುದಿಯ ಆರು ಮೂಲೆಯ ತೂತಿಗೆ ಅಲನ್ ಕೀ ಹಾಕಿ ಹಿಡಿದುಕೊಂಡು ಪಾನಾದಿಂದ ನಟ್ ಬಿಚ್ಚಬೇಕು. ನನ್ನದರಲ್ಲಿ ಆ ತೂತು ತುಕ್ಕು ತಿಂದು ದುಂಡಗಾಗಿತ್ತು. ತುಕ್ಕಿನ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟೆ. ಜಗ್ಗಲಿಲ್ಲ. ಕಡೆಗೆ ಹ್ಯಾಕ್ಸಾದಿಂದ ಕೊಯ್ದೆ. ಎರಡು ಬ್ಲೇಡ್, ಒಂದು ತರಚಿದ ಬೆರಳಗಂಟು. ಹೊಸದು ಕೂಡಿಸುವಾಗ ಕೆಳಗಿನ ತೂತು ಕೂಡಲಿಲ್ಲ, ಯಾಕಂದ್ರೆ ನಾನೂ ಒಂದೇ ಕಡೆ ಎತ್ತಿದ್ದೆ! ಇನ್ನೊಂದು ಕಡೆಯನ್ನೂ ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟೆ. ಕೈಯಿಂದಲೇ ಕೂತುಬಿಟ್ಟಿತು. ಬರೀ ಜಾಕ್ ನಂಬಿ ಮಾತ್ರ ಗಾಡಿಯ ಕೆಳಗೆ ಹೋಗಬೇಡಿ.

ಟಕ್ ಹೋಯಿತು. ಆದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಈಗ ಕೇಳತೊಡಗಿತು. ಬ್ರೇಕ್ ಹಾಕಿ ನಿಲ್ಲುವಾಗ ಒಂದು ‘ಗುಡ್’ ಸದ್ದು. ಗಾಲಿಯನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್, ಅದರ ಹಿಂದಿನ ಬುಷ್‌ಗೆ (ಕೀಲಿನ ರಬ್ಬರ್ ಬಳೆಗೆ) ಸಣ್ಣ ಸಬ್ಬಲ್ ಕೊಟ್ಟು ಮೀಟಿದೆ. ರಬ್ಬರು ಬಾಯಿ ತೆರೆಯಿತು. ಬುಷ್ ಹೊಡೆದು ಕೂಡಿಸಲು ಪ್ರೆಸ್ ಬೇಕು. ಅದು ನನ್ನ ಕೈಲಾಗದ ಕೆಲಸ. ಗೋಕುಲ ರೋಡಿನ ಕಡೆ ಒಬ್ಬ ಮೇಸ್ತ್ರಿಯ ಹತ್ತಿರ ಮಾಡಿಸಿದೆ. ಅಲ್ಲಿ ಒಂದು ಮಾತಿಗೆ ಹಟ ಹಿಡಿದೆ. “ಬುಷ್‌ನ ಬೋಲ್ಟ್ ಗಾಲಿ ನೆಲಕ್ಕೆ ಇಳಿಸಿದ ಮ್ಯಾಲೇ ಪೂರ್ತಿ ಬಿಗೀರಿ.” ಗಾಲಿ ಜೋತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಹಾಗೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಮೇಸ್ತ್ರಿ ನಕ್ಕರು. “ನಿಮಗ ಯಾರ್ ಹೇಳಿದ್ರಿ ಇದನ್ನ? ನಮ್ಮ ಹುಡುಗರಿಗೆ ದಿನಾ ಹೇಳ್ತೀನ್ರಿ, ಕೇಳಂಗಿಲ್ಲ.” ಗಾಲಿ ನೇರ ಮಾಡುವ ಅಲೈನ್‌ಮೆಂಟ್ ಮಾಡಿಸಿಕೊಂಡು ಮನೆಗೆ ಬಂದೆ.

ಹಳೆಯ ಶಾಕಪ್‌ಗಳನ್ನು ಆ ಮೊದಲಿನ ಗ್ಯಾರೇಜಿನಿಂದ ಕೇಳಿ ತಂದಿಟ್ಟಿದ್ದೆ. ಮೊನ್ನೆ ಒರೆಸಿ ನೋಡಿದೆ. ಎಣ್ಣೆ ಸೋರಿದ ಗುರುತೇ ಇಲ್ಲ. ರಾಡ್ ಒತ್ತಿದರೆ ಬಿಗಿಯಾಗಿ, ಮೆಲ್ಲಗೆ ಇಳಿಯುತ್ತದೆ. ಗುಜರಿಗೆ ಹಾಕು ಅನ್ನುತ್ತಾಳೆ ಹೆಂಡತಿ. ಸದ್ಯ ಮೆಟ್ಟಿಲ ಕೆಳಗೇ ಇವೆ.