ಸಿಂಗಪುರವೋ ಹಾಂಗ್‌ಕಾಂಗೋ: ಮೊದಲು ಗಡಿಯಾರ ನೋಡಿ

ಎರಡು ವಿಮಾನಗಳ ನಡುವೆ ಅರ್ಧ ದಿನ ಸಿಕ್ಕಿದೆ, ಸಿಂಗಪುರದಲ್ಲಿ ಇಳಿಯಲೋ ಹಾಂಗ್‌ಕಾಂಗ್‌ನಲ್ಲೋ ಎಂದು ಯಾರಾದರೂ ಕೇಳಿದರೆ, ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ ಎಂದೇ ನಾನು ಮೊದಲು ವಿಚಾರಿಸುತ್ತೇನೆ. ನೋಡಬೇಕಾದ ಜಾಗಗಳ ಪಟ್ಟಿ ಆಮೇಲೆ.

ಟಿಕೆಟ್ ಪ್ರಕಾರ ಹನ್ನೊಂದು ಗಂಟೆ ಬಿಡುವಿದೆ ಎನ್ನಿ. ಇಳಿದು ವಲಸೆ ತಪಾಸಣೆ ದಾಟಲು ಒಂದೂವರೆ ಗಂಟೆ, ಹೋಗಿಬರುವ ರೈಲಿಗೆ ಒಂದೂವರೆ, ಮುಂದಿನ ವಿಮಾನಕ್ಕೆ ಮೊದಲೇ ಮರಳಲು ಮೂರು ಗಂಟೆ ತೆಗೆದಿಡಿ. ಕೈಯಲ್ಲಿ ಉಳಿಯುವುದು ಐದೇ. ಇಡೀ ಬಿಡುವೇ ಆರು ಗಂಟೆ ಇದ್ದರೆ ಹೊರಗೆ ಹೋಗುವ ಆಸೆ ಬಿಡಿ. ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಎರಡೂ ಕಡೆಯ ಸರ್ಕಾರಿ ತಾಣಗಳಲ್ಲಿ ನೋಡಿ. ಸಿಂಗಪುರಕ್ಕಾದರೆ ಆಗಮನ ಕಾರ್ಡನ್ನೂ ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣಗಳನ್ನು ನಂಬಬೇಡಿ.

ಬೆಳಿಗ್ಗೆ ಇಳಿಯುವವರಿಗೆ ನನ್ನ ಉತ್ತರ ಹಾಂಗ್‌ಕಾಂಗ್. ಅಲ್ಲಿ ಬೆಟ್ಟ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ನಗರದ ಕಡೆಗೆ ತಲೆಯನ್ನೇ ಹಾಕಲಿಲ್ಲ. ಹತ್ತಿರದ ತುಂಗ್ ಚುಂಗ್‌ಗೆ ಹೋಗಿ ನಾಂಗ್ ಪಿಂಗ್ ಕೇಬಲ್ ಕಾರ್ ಹತ್ತಿದೆವು. 5.7 ಕಿಲೋಮೀಟರ್, ಸುಮಾರು 25 ನಿಮಿಷ. ಕೆಳಗೆ ಸಮುದ್ರ, ಆಮೇಲೆ ಹಸಿರು ಗುಡ್ಡಗಳು, ಒಂದು ತಿರುವಿನಾಚೆ ಇದ್ದಕ್ಕಿದ್ದಂತೆ 34 ಮೀಟರ್ ಎತ್ತರದ ಕಂಚಿನ ಬುದ್ಧ. ಬುಡಕ್ಕೆ ಹೋಗಲು 268 ಮೆಟ್ಟಿಲುಗಳಿವೆ. ಅಮ್ಮ ಹತ್ತಲಿಲ್ಲ. ನಾನು ಏದುಸಿರು ಬಿಡುತ್ತಾ ಇಳಿದು ಬಂದರೆ, "ಇಲ್ಲಿಂದಲೇ ಮುಖ ಪೂರ್ತಿ ಕಾಣುತ್ತದೆ, ನೀನು ಮೇಲೆ ಹೋಗಿ ಪಾದ ನೋಡಿಕೊಂಡು ಬಂದೆ" ಎಂದರು. ಅವರ ಮಾತು ನಿಜ. ಪಕ್ಕದ ಪೋ ಲಿನ್ ಮಠದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಮಾಂಸ ತಿನ್ನದವರಿಗೆ ಆ ನಗರದಲ್ಲಿ ಅದು ಸಣ್ಣ ವಿಷಯವಲ್ಲ. ಕೇಬಲ್ ಕಾರ್ ದುರಸ್ತಿಗೆಂದು ನಿಲ್ಲುವ ದಿನಗಳಿರುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಿ.

ನಗರವನ್ನೇ ನೋಡಬೇಕು ಎನ್ನುವವರನ್ನು ಏರ್‌ಪೋರ್ಟ್ ಎಕ್ಸ್‌ಪ್ರೆಸ್ 24 ನಿಮಿಷಗಳಲ್ಲಿ ನಗರದ ನಡುವಿನ ಸೆಂಟ್ರಲ್‌ಗೆ ತಲುಪಿಸುತ್ತದೆ. ಅಲ್ಲಿಂದ ಸ್ಟಾರ್ ಫೆರಿ ಎಂಬ ದೋಣಿ ಹತ್ತಿ ಬಂದರು ದಾಟಿ. ಮೇಲಿನ ಅಂತಸ್ತಿನಲ್ಲೇ ಕೂರಿ.

ಸಂಜೆ ಇಳಿಯುವುದಾದರೆ, ಅದರಲ್ಲೂ ಮಕ್ಕಳು ಅಥವಾ ಹಿರಿಯರು ಜೊತೆಗಿದ್ದರೆ, ಸಿಂಗಪುರ. ಸಮಭಾಜಕದ ಹತ್ತಿರದ ಊರು. ನಡುಮಧ್ಯಾಹ್ನದ ಸೆಕೆಯಲ್ಲಿ ಅಲ್ಲಿ ಓಡಾಡಿ ನಾನು ಇಡೀ ಪ್ರಯಾಣಕ್ಕೆ ಸುಸ್ತಾದದ್ದಿದೆ. ಆದರೆ ವರ್ಷವಿಡೀ ಸೂರ್ಯ ಏಳರ ಸುಮಾರಿಗೆ ಮುಳುಗುತ್ತಾನೆ, ಅಲ್ಲಿಂದ ನಗರ ಹಗುರಾಗುತ್ತದೆ. ರೈಲಿನಲ್ಲಿ ಮುಕ್ಕಾಲು ಗಂಟೆ ಹಿಡಿದುಕೊಳ್ಳಿ, ಬೇಫ್ರಂಟ್‌ನಲ್ಲಿ ಇಳಿಯಿರಿ. ಗಾರ್ಡನ್ಸ್ ಬೈ ದ ಬೇ ಉದ್ಯಾನದ ಉಕ್ಕಿನ ಮರಗಳ ಕೆಳಗೆ 7.45ಕ್ಕೆ, 8.45ಕ್ಕೆ ಬೆಳಕು–ಸಂಗೀತದ ಪ್ರದರ್ಶನವಿದೆ, ಉಚಿತ. ಅಂಗಾತ ಮಲಗಿ ನೋಡಿ, ಕುತ್ತಿಗೆ ನೋಯುವುದಿಲ್ಲ. ನಡೆಯುವ ದಾರಿ ಸಮತಟ್ಟು. ಹಸಿವಾದರೆ ಲಿಟಲ್ ಇಂಡಿಯಾದ ಸೆರಾಂಗೂನ್ ರಸ್ತೆಗೆ ಹೋಗಿ, ಬಾಳೆಲೆ ಊಟವೇ ಸಿಗುತ್ತದೆ. ರೈಲು ರಾತ್ರಿಯಿಡೀ ಓಡುವುದಿಲ್ಲ, ಹತ್ತಕ್ಕೆಲ್ಲ ಹೊರಟುಬಿಡಿ.

ಋತು ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಹಾಂಗ್‌ಕಾಂಗ್‌ಗೆ ಅಕ್ಟೋಬರ್‌ನಿಂದ ಡಿಸೆಂಬರ್ ಬಲು ಚೆನ್ನ. ಮಾರ್ಚ್–ಏಪ್ರಿಲ್‌ನಲ್ಲಿ ಬೆಟ್ಟದ ಮೇಲೆ ಮಂಜು ಕೂತರೆ ಬುದ್ಧನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಚಂಡಮಾರುತದ 8ನೇ ಸಂಖ್ಯೆಯ ಸೂಚನೆ ಬಂದರೆ ದೋಣಿಗಳೂ ನಿಲ್ಲುತ್ತವೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಇಳಿಯುವುದಾದರೂ ನಾನು ಸಿಂಗಪುರವನ್ನೇ ಆರಿಸುತ್ತೇನೆ. ಅಲ್ಲಿ ಯಾವ ತಿಂಗಳಲ್ಲಾದರೂ ಮಳೆ ಬರಬಹುದು, ಆದರೆ ಅಲ್ಲಿನ ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಎಂಬ ಮಾಲ್‌ನೊಳಗೆ 40 ಮೀಟರ್ ಎತ್ತರದ ಜಲಪಾತವೇ ಇದೆ. ಅದು ವಲಸೆ ತಪಾಸಣೆಯ ಆಚೆಗಿದೆ. ವೀಸಾ ಬೇಕಿದ್ದೂ ಅದನ್ನು ಪಡೆಯದವರು ಅಲ್ಲಿಗೆ ಹೋಗುವಂತಿಲ್ಲ.