ಬ್ರಿಟನ್ನಿಗೆ ಗುತ್ತಿಗೆ ಕೆಲಸಕ್ಕೆ ಹೊರಟ ಕಾಸರಗೋಡಿನವರಿಗೆ

ಕಳೆದ ರಜೆಯಲ್ಲಿ ಬ್ರಿಟನ್ನಿನಿಂದ ಬದಿಯಡ್ಕಕ್ಕೆ ಬಂದಿದ್ದಾಗ ನೆರೆಮನೆಯ ಹುಡುಗ ಚಾವಡಿಯಲ್ಲಿ ಒಂದು ಒಪ್ಪಂದಪತ್ರವನ್ನು ನನ್ನ ಮುಂದಿಟ್ಟ. ಹೆಂಡತಿಗೆ ಅಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅವಳ ಅವಲಂಬಿತನಾಗಿ ಇವನೂ ಹೊರಟಿದ್ದಾನೆ. ಸಾಫ್ಟ್‌ವೇರ್ ಕೆಲಸ, ದಿನಕ್ಕೆ 400 ಪೌಂಡ್. ಕೆಳಗೆ ಸಣ್ಣ ಅಕ್ಷರದಲ್ಲಿ ‘ಇನ್‌ಸೈಡ್ ಐಆರ್35’ ಎಂದಿತ್ತು. “ಇದೇನು ಮಾವ?” ಎಂದ.

ನಮ್ಮ ತೋಟವನ್ನೇ ನೋಡು ಎಂದೆ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಮೈಲುತುತ್ತು ಬಿಡಲು ಬರುವವರು ಹಗ್ಗ, ತಳೆ ತಾವೇ ತರುತ್ತಾರೆ. ದರ ಅವರೇ ಹೇಳುತ್ತಾರೆ. ಇಂದು ನಮ್ಮಲ್ಲಿ, ನಾಳೆ ಇನ್ನೊಬ್ಬರಲ್ಲಿ. ಜ್ವರ ಬಂದರೆ ತಮ್ಮನನ್ನು ಕಳುಹಿಸುತ್ತಾರೆ. ವರ್ಷವಿಡೀ ಬರುವ ಆಳು ಹಾಗಲ್ಲ. ಎಂಟು ಗಂಟೆಗೆ ಬಂದು ನಾವು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾರೆ. ಕತ್ತಿ, ಹಾರೆ ನಮ್ಮವು. ಬ್ರಿಟನ್ನಿನ ತೆರಿಗೆ ಇಲಾಖೆ ನೋಡುವುದೂ ಇದನ್ನೇ. ಸ್ವಂತ ಕಂಪನಿ ಕಟ್ಟಿಕೊಂಡು ಅದರ ಮೂಲಕ ದುಡಿದರೂ, ದುಡಿಯುವ ರೀತಿ ಆಳಿನದಾದರೆ ತೆರಿಗೆಯ ಮಟ್ಟಿಗೆ ನೀವು ನೌಕರರು. 2000ದ ಏಪ್ರಿಲ್‌ನಿಂದ ಇರುವ ಈ ನಿಯಮವೇ ಐಆರ್35. ನಿಮ್ಮ ಕೆಲಸ ಅದರೊಳಗೆ ಬಂದರೆ ‘ಇನ್‌ಸೈಡ್’. ನೌಕರನ ತೆರಿಗೆ ಕಟ್ಟಿಯೂ ಕೆಲಸ ಕೊಟ್ಟ ಕಂಪನಿಯಿಂದ ನೌಕರನ ರಜೆಯಾಗಲಿ ಅನಾರೋಗ್ಯದ ಸಂಬಳವಾಗಲಿ ಸಿಗುವುದಿಲ್ಲ. ಇದು ಅನ್ಯಾಯವೆಂದೇ ನಾನು ಇಂದಿಗೂ ಹೇಳುತ್ತೇನೆ.

2021ರ ಏಪ್ರಿಲ್ 6ರಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ ನೀವು ಈ ನಿಯಮದೊಳಗೋ ಹೊರಗೋ ಎಂದು ನಿರ್ಧರಿಸುವುದು ಕೆಲಸ ಕೊಡುವವರೇ. ಕಾರಣಸಹಿತ ಲಿಖಿತವಾಗಿ ತಿಳಿಸಬೇಕು. ನೀವು ಆಕ್ಷೇಪಿಸಿದರೆ 45 ದಿನದೊಳಗೆ ಉತ್ತರಿಸಬೇಕು. ಕೆಲಸ ಕೊಡುವ ಕಂಪನಿ ಚಿಕ್ಕದಾದರೆ ಆ ಹೊಣೆ ನಿಮ್ಮ ಕಂಪನಿಯದು.

‘ಇನ್‌ಸೈಡ್’ ಎಂದಾದಾಗ ಹೆಚ್ಚಿನವರನ್ನು, ಗುತ್ತಿಗೆಯವರನ್ನು ನೌಕರರಾಗಿಟ್ಟು ಸಂಬಳ ಕೊಡುವ ‘ಅಂಬ್ರೆಲಾ’ ಕಂಪನಿಯೊಂದಕ್ಕೆ ಸೇರಿಸುತ್ತಾರೆ. ಆಗ ನಿಮ್ಮ ಧಣಿ ಅದೇ. ರಜೆಯ ಸಂಬಳ ಅಲ್ಲಿ ಸಿಗುತ್ತದೆ, ಆದರೆ ಅದೂ ನಿಮ್ಮ ದರದೊಳಗಿನ ಹಣವೇ. ನನ್ನ ಮೊದಲ ವಾರದ ಸಂಬಳದ ಚೀಟಿಯಲ್ಲಿ ಧಣಿ ಕಟ್ಟಬೇಕಾದ ರಾಷ್ಟ್ರೀಯ ವಿಮೆಯೂ (ನ್ಯಾಷನಲ್ ಇನ್ಶೂರೆನ್ಸ್) ನನ್ನ ದರದಿಂದಲೇ ಕಡಿತವಾದುದನ್ನು ಕಂಡು ಎರಡು ಬಾರಿ ಕೂಡಿಸಿ ನೋಡಿದ್ದೆ. ಲೆಕ್ಕ ತಪ್ಪಿರಲಿಲ್ಲ. 2025ರ ಏಪ್ರಿಲ್‌ನಿಂದ ಈ ವಿಮೆ ಸಂಬಳದಲ್ಲಿ ಒಂದು ಮಿತಿ ಮೀರಿದ ಭಾಗಕ್ಕೆ 15 ಶೇಕಡ. ವಾರಕ್ಕೆ 2,000 ಪೌಂಡ್ ಬಿಲ್ಲಾದರೆ ವಿಮೆ, ಅರ್ಧ ಶೇಕಡ ತರಬೇತಿ ಸುಂಕ, ಅಂಬ್ರೆಲಾದವರ ಪಾಲು ಕಳೆದು ಸಂಬಳವೆಂದು ಉಳಿಯುವುದು 1,700ರ ಚಿಲ್ಲರೆ. ನಿಮ್ಮ ಸ್ವಂತ ತೆರಿಗೆ, ವಿಮೆ ಅದರಿಂದ ಮತ್ತೆ ಹೋಗುತ್ತದೆ.

‘ನೂರಕ್ಕೆ ತೊಂಬತ್ತು ಕೈಗೆ ಬರುತ್ತದೆ’ ಎನ್ನುವವರ ಬಾಗಿಲಿಗೆ ದಯವಿಟ್ಟು ಹೋಗಬೇಡಿ. ಸಂಬಳವನ್ನು ಸಾಲವೆಂದು ತೋರಿಸುವ ಇಂಥ ಯೋಜನೆಗಳನ್ನು ನಂಬಿದವರ ಮೇಲೆ 2019ರಲ್ಲಿ ಸರಕಾರ ‘ಲೋನ್ ಚಾರ್ಜ್’ ಎಂಬ ತೆರಿಗೆ ಹೇರಿತು. ತೆರಿಗೆಯ ಬಿಲ್ಲು ಬಂದದ್ದು ದುಡಿದವರ ಮನೆಗೇ.

ಇನ್ನೊಂದು ಮಾತು. ನೀವೇ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದರೆ, ಪ್ರಾಯೋಜಿಸಿದ ಕಂಪನಿಯ ಕೆಲಸ ಬಿಟ್ಟು ಹೀಗೆ ಸ್ವಂತ ಗುತ್ತಿಗೆಗೆ ಇಳಿಯುವಂತಿಲ್ಲ. ಅವಲಂಬಿತರಿಗೆ ಆ ತಡೆಯಿಲ್ಲ.

ಪರಭಾಷೆಯ ಸರಕಾರಿ ಕಾಗದವನ್ನು ಪದಪದ ಬಿಡಿಸಿ ಓದುವ ಅಭ್ಯಾಸ ಕಾಸರಗೋಡಿನ ಕನ್ನಡಿಗರಿಗೆ 1956ರಿಂದ ಇದೆ. ಅದನ್ನು ಅಲ್ಲಿಗೂ ಒಯ್ಯಿರಿ. ದರ ಒಪ್ಪುವ ಮೊದಲೇ ನಿಮಗೆ ಕೆಲಸ ಹುಡುಕಿಕೊಡುವ ಏಜೆನ್ಸಿ ‘ಕೀ ಇನ್ಫರ್ಮೇಶನ್ ಡಾಕ್ಯುಮೆಂಟ್’ ಕೊಡಬೇಕೆಂಬ ಕಾನೂನು 2020ರಿಂದ ಇದೆ. ಯಾವ ಕಡಿತ ಎಷ್ಟು ಎಂಬುದು ಮಾದರಿ ಲೆಕ್ಕದೊಡನೆ ಅದರಲ್ಲಿರುತ್ತದೆ. ಹುಡುಗ ಅಲ್ಲೇ ಕುಳಿತು ಅದನ್ನು ಕೇಳಿ ಇಮೇಲ್ ಕಳುಹಿಸಿದ. ಸಹಿ ಹಾಕದ ಒಪ್ಪಂದವನ್ನು ಮಡಚಿ ಜೇಬಿಗಿಟ್ಟುಕೊಂಡ.