ಭಾವನೆಗೂ ಗಡಿಯಾರ: ನಾಲ್ಕು ಸೆಮಿಸ್ಟರ್‌ಗಳ ಲೆಕ್ಕ

ಮನಸ್ಸಿನ ಮಾತಿಗೆ ಟೈಮರ್ ಇಟ್ಟರೆ ಅದು ನಾಟಕವಾಗುತ್ತದೆ ಎಂದವರೇ ಹೆಚ್ಚು. ಆಗಲಿಲ್ಲ. ನಾಲ್ಕು ಸೆಮಿಸ್ಟರ್ ಕಳೆದ ಮೇಲೆ, ಒಂದೇ ರೂಮಿನವರ ನಡುವೆ ವಾರಗಟ್ಟಲೆ ಎಳೆಯುತ್ತಿದ್ದ ಮುನಿಸು ಈಗ ಹೆಚ್ಚೆಂದರೆ ಒಂದು ದಿನದ್ದು. ಇಬ್ಬಿಬ್ಬರೇ ಕೂತು, ಟೈಮರ್ ಇಟ್ಟು, ಸರದಿಯಂತೆ ಮನಸ್ಸಿನ ಮಾತು ಹೇಳುವ, ಕೇಳುವ ಜೋಡಿ ಕೂಟ ಇಬ್ಬರಿಂದ ಶುರುವಾಗಿ ಹದಿನಾಲ್ಕು ಹದಿನೈದು ಜನಕ್ಕೆ ಹಬ್ಬಿದೆ. ಡೈರಿ, ಉಸಿರಾಟ, ಗಮನವಿಟ್ಟು ಕೇಳುವುದು ಇವೆಲ್ಲ ಈ ದಾರಿಯಲ್ಲಿರುವವರಿಗೆ ಗೊತ್ತಿದ್ದದ್ದೇ. ಎಲ್ಲಿ ಕೆಟ್ಟಿತು, ಎಷ್ಟು ನಿಮಿಷಕ್ಕೆ ಹದಕ್ಕೆ ಬಂತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಹಣ ಹೋದದ್ದು ಮೂಡ್ ಟ್ರ್ಯಾಕರ್ ಆಪ್‌ಗೆ. ಇಡೀ ವರ್ಷದ ಚಂದಾ ಕಟ್ಟಿ ಬಳಸಿದ್ದು ಸುಮಾರು ಆರು ವಾರ. ದಿನಕ್ಕೆ ಮೂರು ಸಲ ಒಂದರಿಂದ ಹತ್ತರೊಳಗೆ ಅಂಕ ಕೊಡಬೇಕು. ಮೂರನೇ ವಾರಕ್ಕೆ ಎಲ್ಲ ದಿನವೂ ಆರು! ಏನಾಯಿತು, ಯಾಕಾಯಿತು ಎಂಬುದನ್ನು ಆ ಆರು ಹೇಳುವುದಿಲ್ಲ. ಎರಡನೇ ಸೋಲು ಎಂಟು ಜನರ ಗುಂಪು. ಒಬ್ಬರು ಹೇಳುವಾಗ ಉಳಿದ ಏಳು ಜನ ತಮ್ಮ ಸರದಿಯ ಮಾತನ್ನು ಜೋಡಿಸಿಕೊಳ್ಳುತ್ತ ಕೂತಿರುತ್ತಾರೆ. ಮೂರನೆಯದು, ಒಬ್ಬ ಗೆಳೆಯನೊಂದಿಗೆ ರಾತ್ರಿ ಎರಡೆರಡು ಗಂಟೆ ಗೋಳು ಹಂಚಿಕೊಳ್ಳುವುದು. ಸ್ನೇಹ ಗಟ್ಟಿಯಾಗುತ್ತದೆ, ಮನಸ್ಸು ಮಾತ್ರ ಇನ್ನಷ್ಟು ಕುಸಿಯುತ್ತದೆ. ಒಂದೇ ಕಷ್ಟವನ್ನು ಕೂಡಿ ಮೆಲುಕು ಹಾಕುವುದರಿಂದ ಆಪ್ತತೆಯೂ ಕೊರಗೂ ಒಟ್ಟೊಟ್ಟಿಗೆ ಬರುತ್ತವೆ ಎಂದು ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲೇ ತೋರಿಸಿದ್ದರು. ಅದನ್ನು ಮೊದಲೇ ಓದಿದ್ದರೆ ಒಂದು ಸೆಮಿಸ್ಟರ್ ಉಳಿಯುತ್ತಿತ್ತು.

ಕೆಲಸಕ್ಕೆ ಬಂದದ್ದು ಸಾದಾ ನೋಟ್‌ಬುಕ್. ರಾತ್ರಿ ಮೂರೇ ಸಾಲು: ನಡೆದದ್ದು, ಅನಿಸಿದ್ದು, ಆಮೇಲೆ ನಾನು ಮಾಡಿದ್ದು. ಎರಡನೇ ಸಾಲಿಗೆ ಒಂದು ಕಟ್ಟುನಿಟ್ಟು: ‘ಬೇಸರ’, ‘ಟೆನ್ಷನ್’, ‘ಮೂಡ್ ಆಫ್’ ಬರೆಯುವಂತಿಲ್ಲ. ಕನ್ನಡದ ‘ಬೇಸರ’ ದೊಡ್ಡ ಮೋಸಗಾರ ಪದ. ಕ್ಲಾಸು ನೀರಸವಾದರೂ ಬೇಸರ, ಗೆಳತಿ ಕರೆಯದೆ ಹೋದರೂ ಬೇಸರ, ಫೇಲಾದರೂ ಬೇಸರ. ಅದರ ಬದಲಿಗೆ ನಲವತ್ತರ ಆಸುಪಾಸು ಪದಗಳ ಪಟ್ಟಿಯನ್ನು ನೋಟ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿದೆ: ಅಳುಕು, ಕಸಿವಿಸಿ, ತಳಮಳ, ಮುಜುಗರ, ಹಳಹಳಿಕೆ, ಹೊಟ್ಟೆಕಿಚ್ಚು, ದಿಗಿಲು, ಒಂಟಿತನ, ಮುನಿಸು, ಸಿಟ್ಟು. ಪದ ಸರಿಯಾಗಿ ಸಿಕ್ಕರೆ ಮುಂದಿನ ಹೆಜ್ಜೆಯೂ ಸಿಗುತ್ತದೆ. ಸಿಟ್ಟಿಗೆ ದೂರ ಬೇಕು. ಮುನಿಸಿಗೆ ಯಾರಾದರೂ ಬಂದು ಮಾತಾಡಿಸಬೇಕು. ಎರಡನ್ನೂ ‘ಬೇಸರ’ದ ಡಬ್ಬಿಗೆ ಹಾಕಿದರೆ ಮುನಿಸಿಕೊಂಡವಳನ್ನು ಒಂಟಿಯಾಗಿ ಬಿಟ್ಟುಬಿಡುತ್ತೇವೆ, ಸಿಟ್ಟಾದವನ ಬೆನ್ನು ಹತ್ತುತ್ತೇವೆ.

ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಾಗ ಮೂರು ಸಾಲು ಸಾಲದು. ಅದಕ್ಕೆ ಮನೋವಿಜ್ಞಾನಿ ಪೆನ್ನೆಬೇಕರ್ 1986ರಲ್ಲಿ ಪರೀಕ್ಷಿಸಿದ ಕ್ರಮವನ್ನೇ ಇಟ್ಟುಕೊಂಡೆ: ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಪೆನ್ನು ಎತ್ತದೆ. ಬರೆದ ಕೂಡಲೇ ಮನಸ್ಸು ಭಾರವಾಗುತ್ತದೆ, ಅದು ಸಹಜ. ಹಾಗಾಗಿ ಮಲಗುವ ಮುಂಚೆ ಬೇಡ, ಸಂಜೆಯೇ ಬರೆದು ಮುಗಿಸಿ. ಐದನೇ ದಿನ ನಿಲ್ಲಿಸಿ. ಎರಡು ವಾರ ಎಳೆದು ನೋಡಿದ್ದೇನೆ, ಅದೇ ವಾಕ್ಯ ಸುತ್ತಿ ಸುತ್ತಿ ಬರುತ್ತದೆ.

ಜೋಡಿ ಕೂಟದ ಅಳತೆ ಹೀಗಿದೆ: ಏಳು ನಿಮಿಷ ಒಬ್ಬರ ಮಾತು, ಎರಡು ನಿಮಿಷ ಕೇಳಿದವರು ತಿರುಗಿ ಹೇಳುವುದು, ಒಂದು ನಿಮಿಷ ತಿದ್ದುಪಡಿ. ಆಮೇಲೆ ಅದಲು ಬದಲು. ಒಟ್ಟು ಇಪ್ಪತ್ತು ನಿಮಿಷ. ಮೊದಲು ಹದಿನೈದು ನಿಮಿಷದ ಮಾತು ಇಟ್ಟಿದ್ದೆ. ಹತ್ತು ದಾಟಿದ ಮೇಲೆ ಕೇಳುವವರ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಮೂರಕ್ಕೆ ಇಳಿಸಿದರೆ ಹೇಳುವವರು ಮೇಲುಮೇಲಿನ ಮಾತಲ್ಲೇ ಮುಗಿಸುತ್ತಾರೆ, ನಿಜವಾದದ್ದು ಹೊರಬರುವುದು ನಾಲ್ಕನೇ ನಿಮಿಷದ ಮೌನದ ನಂತರ. ‘ನನಗೂ ಹಾಗೇ ಆಗಿತ್ತು’ ಎನ್ನುವಂತಿಲ್ಲ. ಶುರುವಿಗೇ ಕೇಳಿಬಿಡಬೇಕು: ‘ಬರೀ ಕೇಳಿಸ್ಕೊಳ್ಳಲಾ, ದಾರೀನೂ ಹೇಳಲಾ?’ ತಿರುಗಿ ಹೇಳುವುದು ಗಿಳಿಪಾಠವಾದರೆ ಎದುರಿಗಿರುವವರಿಗೆ ಅಣಕಿಸಿದಂತಾಗುತ್ತದೆ. ಒಂದು ಭಾವದ ಪದ, ಒಂದು ಸಂಗತಿ, ಕೊನೆಗೆ ‘ಸರಿಯಾ?’ ಅಷ್ಟು ಸಾಕು. ಫೋನ್ ಮಗುಚಿ ಇಟ್ಟರೆ ಸಾಲದು, ಕೋಣೆಯ ಆಚೆ ಇರಬೇಕು. ಯಾರ ಜೊತೆ ಯಾರನ್ನು ಕೂರಿಸುತ್ತೇನೆ, ಮೊದಲ ಪ್ರಶ್ನೆ ಏನು ಕೇಳುತ್ತೇನೆ ಎಂಬೆರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವು ನನ್ನ ಬಳಿಯೇ ಇರಲಿ.

ಜಗಳದ್ದು ಬೇರೆ ಲೆಕ್ಕ. ನಾಡಿ ನಿಮಿಷಕ್ಕೆ 100 ದಾಟಿದರೆ ಕಿವಿ ಕೆಲಸ ಮಾಡುವುದಿಲ್ಲ. ದಂಪತಿಗಳ ಮಾತುಕತೆಯನ್ನು ಅಳೆದ ಗಾಟ್‌ಮನ್ ಹೇಳುವುದೂ ಇದನ್ನೇ, ಬಿಡುವು ಕನಿಷ್ಠ 20 ನಿಮಿಷ ಇರಲಿ ಎನ್ನುವುದೂ ಅವರೇ. ಕತ್ತಿನ ಪಕ್ಕ ಬೆರಳಿಟ್ಟು 15 ಸೆಕೆಂಡ್ ಎಣಿಸಿ, 25 ಬಂದರೆ ಎದ್ದುಬಿಡಿ. ಆದರೆ ಸುಮ್ಮನೆ ಎದ್ದು ಹೋದರೆ ಬಾಗಿಲು ಬಡಿದು ಹೋದಷ್ಟೇ ನೋವಾಗುತ್ತದೆ. ‘ಎಂಟೂವರೆಗೆ ಮತ್ತೆ ಕೂರೋಣ’ ಎಂದು ಗಂಟೆ ಹೇಳಿಯೇ ಏಳಬೇಕು. ಆ ಇಪ್ಪತ್ತು ನಿಮಿಷದಲ್ಲಿ ಮನಸ್ಸಿನೊಳಗೆ ಉತ್ತರ ಸಿದ್ಧ ಮಾಡುತ್ತ ಕೂತರೆ ನಾಡಿ ಇಳಿಯುವುದೇ ಇಲ್ಲ. ನಡೆಯಿರಿ, ಬಟ್ಟೆ ಮಡಚಿ, ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಮೆಸೇಜ್ ಟೈಪ್ ಮಾಡುವುದಂತೂ ಬೇಡವೇ ಬೇಡ.

ವಾಪಸ್ ಬಂದು ಹೇಳುವ ಮಾತಿಗೆ, ‘ಅಹಿಂಸಾತ್ಮಕ ಸಂವಹನ’ ಕ್ರಮವನ್ನು ರೂಪಿಸಿದ ರೋಸೆನ್‌ಬರ್ಗ್ ಅವರ ನಾಲ್ಕು ಮೆಟ್ಟಿಲು, ಅಂದರೆ ಕಂಡದ್ದು, ಅನಿಸಿದ್ದು, ಬೇಕಾದ್ದು, ಕೋರಿಕೆ, ಬಹಳ ದಿನ ಕೈಕೊಟ್ಟವು. ‘ನೀನು ಹೀಗೆ ಮಾಡಿದಾಗ ನನಗೆ ಹೀಗೆ ಅನಿಸುತ್ತದೆ’ ಎಂಬುದು ನಮ್ಮ ಬಾಯಲ್ಲಿ ಅರ್ಜಿ ಓದಿದಂತೆ ಕೇಳುತ್ತದೆ. ಎರಡು ಬದಲಾವಣೆ ಮಾಡಿದೆ. ಕನ್ನಡದಲ್ಲಿ ‘ನೀನು’ ಇಲ್ಲದೆಯೂ ವಾಕ್ಯ ನಿಲ್ಲುತ್ತದಲ್ಲ, ಅದನ್ನು ತೆಗೆದೆ: ‘ನೀನು ಕಸ ಎಸೆದಿಲ್ಲ’ ಹೋಗಿ ‘ಕಸ ಹಾಗೇ ಉಳಿದಿದೆ, ನನಗೆ ಕಿರಿಕಿರಿ ಆಗ್ತಿದೆ’ ಬಂತು. ಇನ್ನೊಂದು, ಕೋರಿಕೆ ಒಂದೇ ಇರಬೇಕು, ಒಂದು ವಾರದೊಳಗೆ ಆಗುವಂಥದ್ದಾಗಿರಬೇಕು. ‘ನನ್ನನ್ನು ಅರ್ಥ ಮಾಡಿಕೋ’ ಎಂಬುದು ಕೋರಿಕೆಯಲ್ಲ. ‘ಹನ್ನೊಂದರ ಮೇಲೆ ಹೆಡ್‌ಫೋನ್ ಹಾಕ್ಕೋ’ ಎಂಬುದು ಕೋರಿಕೆ. ಬೆದರಿಸುವ, ಕೈ ಎತ್ತುವ, ಫೋನ್ ಪಾಸ್‌ವರ್ಡ್ ಕೇಳುವ ಸಂಬಂಧದಲ್ಲಿ ಇದ್ಯಾವುದನ್ನೂ ಬಳಸಬೇಡಿ. ಅಲ್ಲಿ ಮೃದುವಾಗಿ ಮಾತಾಡಿದಷ್ಟೂ ಅವರ ಹಿಡಿತ ಬಿಗಿಯಾಗುತ್ತದೆ. ನಂಬುವವರೊಬ್ಬರಿಗೆ ಹೇಳಿ ಹೊರಬರುವುದೇ ಸರಿ.

ನೋಟ್‌ಬುಕ್ಕಿನಲ್ಲಿ ಉಳಿದ ಜಗಳಗಳನ್ನು ಎಣಿಸಿದರೆ ಹೆಚ್ಚುಕಡಿಮೆ ಅರ್ಧ ಹಣದ್ದೇ. ಸಾಲ ಕೊಡುವಾಗ ಮೊತ್ತ ಮತ್ತು ತಾರೀಕು ಬಾಯಿಬಿಟ್ಟು ಹೇಳದಿರುವುದು ಮೊದಲ ತಪ್ಪು; ‘ಇದ್ದಾಗ ಕೊಡು’ ಎಂದವರೇ ತಿಂಗಳಾದ ಮೇಲೆ ಒಳಗೊಳಗೇ ಕುದಿಯುತ್ತಾರೆ. ವಾಪಸ್ ಬರದಿದ್ದರೂ ನಿದ್ದೆ ಕೆಡದಷ್ಟನ್ನೇ ಕೊಡಬೇಕು. ರೂಮಿನ ಖರ್ಚನ್ನು ತಿಂಗಳ ಕೊನೆಗೆ ಚುಕ್ತಾ ಮಾಡುವ ಪದ್ಧತಿ ಮುರಿದುಬಿತ್ತು, ಯಾರಿಗೂ ನೆನಪಿರುವುದಿಲ್ಲ. ಭಾನುವಾರ ಭಾನುವಾರ ಹತ್ತು ನಿಮಿಷ ಕೂತು ಮುಗಿಸುವುದು ಉಳಿದುಕೊಂಡಿತು. ಸಮಪಾಲು ಹಂಚಿಕೆಯೂ ಸೋತಿತು: ವಾರದ ಮೂರು ದಿನ ಊರಿಗೆ ಹೋಗುವವರು ಪೂರ್ತಿ ಪಾಲು ಕೊಟ್ಟು ಮುಖ ಗಂಟು ಹಾಕಿಕೊಳ್ಳುತ್ತಾರೆ. ಇದ್ದ ದಿನಗಳ ಲೆಕ್ಕಕ್ಕೆ ಬದಲಿಸಿದ ಮೇಲೆ ಆ ವಿಷಯ ಮತ್ತೆ ಏಳಲಿಲ್ಲ.

ನಡುವೆ ಒಂದು ಬೇರೆ ಪ್ರಯೋಗ. ಸ್ನೇಹದ ಮೇಲೆ ಸಂಶೋಧನೆ ಮಾಡಿದ ಜೆಫ್ರಿ ಹಾಲ್ ಅವರ 2018ರ ಅಂದಾಜಿನಂತೆ ಪರಿಚಯ ಸಾಧಾರಣ ಸ್ನೇಹಕ್ಕೆ ತಿರುಗಲು ಸುಮಾರು 50 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಬೇಕು. ವಾರಕ್ಕೆ ಎರಡು ಸಲ, ಒಂದೂವರೆ ಗಂಟೆ, 16 ವಾರ ಒಂದೇ ಮೇಜಿನಲ್ಲಿ ಓದಿದರೆ 48 ಆಯಿತಲ್ಲ ಎಂದುಕೊಂಡೆ. ಸ್ನೇಹ ಆಗಲಿಲ್ಲ. ಕೆಲಸದ ಗಂಟೆಗೆ ಅಷ್ಟು ತೂಕವಿಲ್ಲ, ಉದ್ದೇಶವಿಲ್ಲದೆ ಕಳೆದ ಗಂಟೆಗಿದೆ. ಓದಿನ ಕೊನೆಯ ಅರ್ಧ ಗಂಟೆಯನ್ನು ಸುಮ್ಮನೆ ನಡೆಯುವುದಕ್ಕೆ ಬಿಟ್ಟ ಮೇಲೆ ಆರೇಳು ವಾರದಲ್ಲಿ ಬದಲಾವಣೆ ಕಂಡಿತು. ಒಳ್ಳೆಯ ಸುದ್ದಿ ತಂದವರಿಗೆ ‘ಓ, ಸೂಪರ್’ ಎಂದು ಫೋನಿಗೆ ಮರಳದೆ ಎರಡು ಪ್ರಶ್ನೆ ಕೇಳುವುದೂ ಆಗಲೇ ಶುರುವಾದದ್ದು. ಎಲ್ಲಕ್ಕಿಂತ ಅಗ್ಗದ ಉಪಾಯ ಇದು, ಫಲ ಮಾತ್ರ ದೊಡ್ಡದು.

ಜೋಡಿ ಕೂಟಕ್ಕೆ ಒಂದು ಗಡಿ ಇದೆ, ಅದನ್ನು ದಾಟಬಾರದು. ಎರಡು ವಾರ ಬಿಡದೆ ಮಂಕು, ನಿದ್ದೆ ಏರುಪೇರು, ಇಷ್ಟದ ಕೆಲಸವೂ ಬೇಡವೆನಿಸುವುದು ಕಂಡರೆ, ಅಥವಾ ಖಿನ್ನತೆಯನ್ನು ಅಂದಾಜಿಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಪಟ್ಟಿಯಲ್ಲಿ ಒಟ್ಟು ಅಂಕ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಕೌನ್ಸೆಲರ್ ಹತ್ತಿರ ಜೊತೆಗೆ ಹೋಗಬೇಕು. ‘ನೀನು ಹೋಗು’ ಎಂದರೆ ಹೋಗುವುದಿಲ್ಲ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಕೂರಬೇಕು. ಸಾಯುವ ಮಾತು ಬಂದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಸಹಾಯಕ್ಕೆ ಕರೆದೊಯ್ಯಿರಿ.

ಈ ಸೆಮಿಸ್ಟರ್‌ನಲ್ಲಿ ಏಳು ನಿಮಿಷವನ್ನು ಐದಕ್ಕೆ ಇಳಿಸಿ ಫೋನ್ ಕರೆಯಲ್ಲಿ ಕೂಟ ನಡೆಸುತ್ತಿದ್ದೇನೆ. ಮುಖ ಕಾಣದೆ ಇರುವುದರಿಂದ ಮೌನ ಕಷ್ಟವಾಗುತ್ತಿದೆ, ನಾಲ್ಕು ಸೆಕೆಂಡ್ ಸದ್ದಿಲ್ಲದಿದ್ದರೆ ‘ಹಲೋ, ಕೇಳಿಸ್ತಿದ್ಯಾ?’ ಎಂದುಬಿಡುತ್ತಾರೆ. ‘ಇದ್ದೀನಿ’ ಎಂದು ಮೆಲ್ಲಗೆ ಹೇಳಿ ಮತ್ತೆ ಸುಮ್ಮನಾಗುವುದನ್ನು ಎಲ್ಲರಿಗೂ ರೂಢಿ ಮಾಡಿಸುತ್ತಿದ್ದೇನೆ.